ವಿಸ್ಕಾನ್ಸಿನ್ ಸರೋವರಗಳಲ್ಲಿ ದಡದ ಮನೆಯವರು ಮತ್ತು ಗಾಳದವರು

ಸರೋವರದ ನೀರು ಸಾರ್ವಜನಿಕರದ್ದಾಗಿದ್ದು ಅದರ ದಡ ಖಾಸಗಿಯವರ ಸ್ವತ್ತಾಗಿರುವ ಕಡೆಗಳಲ್ಲಿ, ದೋಣಿಯಲ್ಲಿ ಬಂದು ಗಾಳ ಹಾಕುವವರಿಗೂ ದಡದ ಮೇಲೆ ಮನೆ ಕಟ್ಟಿಕೊಂಡವರಿಗೂ ನಡುವೆ ಹುಟ್ಟುವ ವ್ಯಾಜ್ಯ ಈ ಭಾಷಣದ ವಸ್ತು. ಇಂಥ ವ್ಯಾಜ್ಯ ಅನೇಕ ದೇಶಗಳಲ್ಲಿ ಉಂಟು. ಆದರೆ ಅಮೆರಿಕ ಸಂಯುಕ್ತ ಸಂಸ್ಥಾನದ ವಿಸ್ಕಾನ್ಸಿನ್ ರಾಜ್ಯದಲ್ಲಿ ಅದು ನೂರಿಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ನ್ಯಾಯಾಲಯಗಳ ಮೆಟ್ಟಿಲೇರುತ್ತ ಬಂದಿದೆ. ಹೀಗಾಗಿ ಎರಡೂ ಪಕ್ಷಗಳ ವಾದ ಅಲ್ಲಿ ಸ್ಪಷ್ಟ ರೂಪ ತಳೆದಿದೆ. ಅದೇ ಕಾರಣಕ್ಕೆ ಈ ಭಾಷಣ ಆ ಒಂದು ರಾಜ್ಯವನ್ನೇ ಮುಖ್ಯವಾಗಿ ಗಮನಿಸುತ್ತದೆ.

ಉತ್ತರಕ್ಕೆ ಸುಪೀರಿಯರ್, ಪೂರ್ವಕ್ಕೆ ಮಿಷಿಗನ್ ಎಂಬ ಮಹಾಸರೋವರಗಳೂ ಪಶ್ಚಿಮಕ್ಕೆ ಬಹುದೂರ ಮಿಸಿಸಿಪ್ಪಿ ನದಿಯೂ ಎಲ್ಲೆಯಾಗಿರುವ ಈ ರಾಜ್ಯದಲ್ಲಿ ಸುಮಾರು 15,000 ಸರೋವರಗಳಿವೆ. ಅವುಗಳಲ್ಲಿ ಹೆಸರಿರುವಂಥವು 6,000ದ ಆಸುಪಾಸು ಮಾತ್ರ. ಹತ್ತು ಸಾವಿರ ವರ್ಷಗಳಿಗೂ ಹಿಂದೆ ಹಿಮನದಿಗಳು ಉತ್ತರಕ್ಕೆ ಸರಿದಾಗ, ಮಣ್ಣು ಮತ್ತು ಕಲ್ಲಿನ ರಾಶಿಯಲ್ಲಿ ಹೂತುಹೋದ ಭಾರಿ ಮಂಜುಗಡ್ಡೆಗಳು ನಿಧಾನವಾಗಿ ಕರಗಿ, ಅವು ಬಿಟ್ಟುಹೋದ ಗುಂಡಿಗಳಲ್ಲಿ ನೀರು ನಿಂತು ಇವುಗಳಲ್ಲಿ ಅನೇಕವು ಹುಟ್ಟಿದವು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿನ ಪೈನ್ ಕಾಡುಗಳನ್ನು ಕಡಿದು ಸಾಗಿಸಲಾಯಿತು. ಬೋಳಾದ ನೆಲದಲ್ಲಿ ಬೇಸಾಯ ಕೈಹತ್ತಲಿಲ್ಲ. ಮರ ಸಾಗಿಸಲು ಹಾಕಿದ ರೈಲು ಹಳಿಗಳ ಮೇಲೆಯೇ ಮುಂದೆ ಷಿಕಾಗೊ, ಮಿಲ್ವಾಕಿ ನಗರಗಳ ಜನ ಬೇಸಿಗೆಯ ವಿಹಾರಕ್ಕೆ ಬರತೊಡಗಿದರು. ಅವರಲ್ಲಿ ಕೆಲವರು ದಡದಲ್ಲಿ ಜಾಗ ಕೊಂಡು ಪುಟ್ಟ ಮರದ ಮನೆ ಕಟ್ಟಿದರು, ಉಳಿದವರು ದೋಣಿ ಬಾಡಿಗೆಗೆ ಪಡೆದು ಮೀನು ಹಿಡಿದು ಹಿಂತಿರುಗಿದರು. ಇಂದಿನ ಎರಡು ಪಕ್ಷಗಳ ಮೂಲ ಅಲ್ಲಿದೆ, ಮತ್ತು ಆರಂಭದಲ್ಲಿ ಅವೆರಡೂ ಒಂದೇ ರೈಲಿನಲ್ಲಿ ಬಂದ ಜನ ಎಂಬುದನ್ನು ಮರೆಯಬಾರದು.

ಈಗ ಜಗಳ ನಡೆಯುವ ಸ್ಥಳವನ್ನು ಕೇಳುಗರು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕು. ದಡದ ಮೇಲೆ ಮನೆ. ಮನೆಯಿಂದ ನೀರಿನವರೆಗೆ ಇಳಿಜಾರಾದ ಹುಲ್ಲುಹಾಸು. ಹುಲ್ಲುಹಾಸಿನ ಕೊನೆಯಿಂದ ನೀರಿನೊಳಕ್ಕೆ ಮೂವತ್ತು ನಲವತ್ತು ಅಡಿ ಚಾಚಿಕೊಂಡಿರುವ ದಕ್ಕೆ, ಎಂದರೆ ಕಾಲುಗಳ ಮೇಲೆ ನಿಲ್ಲಿಸಿದ ಹಲಗೆಯ ಕಿರಿದಾದ ಅಟ್ಟಣೆ. ದಕ್ಕೆಯ ಪಕ್ಕದಲ್ಲಿ ಮನೆಯವರ ದೋಣಿ. ಬೆಳಗಿನ ಐದು ಗಂಟೆಗೆ, ಮನೆಯವರು ಮಲಗಿರುವಾಗಲೇ, ಎಲ್ಲಿಂದಲೋ ಬಂದ ಮತ್ತೊಂದು ದೋಣಿ ಆ ದಕ್ಕೆಯ ಹತ್ತು ಹದಿನೈದು ಅಡಿ ದೂರದಲ್ಲಿ ನಿಧಾನವಾಗಿ ಸರಿಯುತ್ತಿದೆ. ಅದರಲ್ಲಿ ನಿಂತ ಇಬ್ಬರು ಹುಸಿ ಎರೆ ಕಟ್ಟಿದ ಗಾಳದ ದಾರವನ್ನು ಹಲಗೆಯ ಕೆಳಗಿನ ನೆರಳಿಗೆ ಗುರಿಯಿಟ್ಟು ಎಸೆಯುತ್ತಿದ್ದಾರೆ. ಹುಸಿ ಎರೆ ಎಂದರೆ ಮೀನಿಗೆ ಆಹಾರದಂತೆ ಕಾಣಲೆಂದು ಪ್ಲಾಸ್ಟಿಕ್, ಮರ ಅಥವಾ ಲೋಹದಿಂದ ಮಾಡಿ ಕೊಕ್ಕೆ ಸಿಕ್ಕಿಸಿದ ಸಾಧನ. ಕಿಟಕಿಯಿಂದ ನೋಡಿದವನಿಗೆ ಅದು ತನ್ನ ಅಂಗಳದೊಳಗೆ ಅಪರಿಚಿತರು ನುಗ್ಗಿದಂತೆ ಕಾಣುತ್ತದೆ. ದೋಣಿಯಲ್ಲಿರುವವನಿಗೆ ತಾನು ಸರ್ಕಾರಕ್ಕೆ ಪರವಾನಗಿ ಶುಲ್ಕ ಕಟ್ಟಿ ಎಲ್ಲರ ನೀರಿನಲ್ಲಿ ನಿಂತಿದ್ದೇನೆಂಬ ಖಚಿತವಾದ ಅರಿವಿದೆ.

ಇಷ್ಟು ದೊಡ್ಡ ಸರೋವರದಲ್ಲಿ ದಕ್ಕೆಯ ಬಳಿಗೇ ಏಕೆ ಬರಬೇಕು ಎಂಬುದು ದಡದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ. ಅದಕ್ಕೆ ಉತ್ತರ ಮೀನಿನ ಸ್ವಭಾವದಲ್ಲಿದೆ. ಬಿಸಿಲು ತಳದವರೆಗೆ ಮುಟ್ಟಿ ಗಿಡಗಳು ಬೆಳೆಯಬಲ್ಲ ದಡದಂಚಿನ ಆಳವಿಲ್ಲದ ನೀರಿನಲ್ಲಿಯೇ ಸರೋವರದ ಜೀವರಾಶಿಯ ದೊಡ್ಡ ಪಾಲು ಇರುತ್ತದೆ. ಗಾಳದವರು ಬಹಳ ಬಯಸುವ ದೊಡ್ಡಬಾಯಿಯ ಬಾಸ್ ಮೀನು ಹೊಂಚು ಹಾಕಿ ಬೇಟೆಯಾಡುವ ಜಾತಿಯದು. ಅದಕ್ಕೆ ಮರೆ ಬೇಕು, ನೆರಳು ಬೇಕು. ಬ್ಲೂಗಿಲ್ ಎಂಬ ಸಣ್ಣ ಮೀನು ದಡದ ಬಳಿಯ ಮರಳಿನಲ್ಲಿ ತಟ್ಟೆಯಾಕಾರದ ಗೂಡು ಮಾಡಿ ಮೊಟ್ಟೆಯಿಡುತ್ತದೆ. ಹಿಂದೆ ಈ ಮರೆಯನ್ನು ಒದಗಿಸುತ್ತಿದ್ದದ್ದು ದಡದಿಂದ ಮುರಿದು ನೀರಿಗೆ ಬಿದ್ದ ಮರಗಳು. 1990ರ ದಶಕದಲ್ಲಿ ಉತ್ತರ ವಿಸ್ಕಾನ್ಸಿನ್ ಮತ್ತು ಅದರ ನೆರೆಯ ಮಿಷಿಗನ್ ಪ್ರದೇಶದ ಸರೋವರಗಳಲ್ಲಿ ನಡೆದ ಅಧ್ಯಯನವು ದಡದಲ್ಲಿ ಮನೆಗಳು ಒತ್ತಾಗಿ ಬೆಳೆದಲ್ಲೆಲ್ಲ ನೀರಿನಲ್ಲಿನ ಮರದ ದಿಮ್ಮಿಗಳು ಕಡಿಮೆಯಾಗಿರುವುದನ್ನು ತೋರಿಸಿತು. ಮನೆಯವರು ಈಜಲು, ದೋಣಿ ನಿಲ್ಲಿಸಲು, ನೋಟ ಚೆನ್ನಾಗಿರಲೆಂದು ಬಿದ್ದ ಮರಗಳನ್ನು ಎಳೆದು ಹಾಕುತ್ತಾರೆ, ನಿಂತ ಮರಗಳನ್ನೂ ಕಡಿಯುತ್ತಾರೆ. ಹೀಗೆ ಸಹಜವಾದ ನೆರಳು ಹೋದ ಮೇಲೆ ಮೀನಿಗೆ ಉಳಿಯುವ ಆಶ್ರಯ ದಕ್ಕೆಯ ಹಲಗೆಯದು, ಮತ್ತು ಮೀನು ಹೋದಲ್ಲಿಗೆ ಗಾಳದವನು ಹೋಗುತ್ತಾನೆ. ದಡದವರು ದೂರುವ ಈ ನೆರೆಹೊರೆಗೆ ಅವರೇ ಬಹುಮಟ್ಟಿಗೆ ಕಾರಣರು ಎಂಬ ಸಂಗತಿ ವ್ಯಾಜ್ಯದ ಬಿಸಿಯಲ್ಲಿ ಯಾರಿಗೂ ನೆನಪಿಗೆ ಬರುವುದಿಲ್ಲ.

ಹಾಗೆಂದು ದಡದವರ ಕಷ್ಟ ಸುಳ್ಳಲ್ಲ. ಗುರಿ ತಪ್ಪಿದ ಕೊಕ್ಕೆ ದೋಣಿಯ ಹೊದಿಕೆಯನ್ನು ಹರಿಯುತ್ತದೆ, ಹಗ್ಗಕ್ಕೆ ಸಿಕ್ಕಿ ಅಲ್ಲೇ ಉಳಿಯುತ್ತದೆ, ಮರುದಿನ ಬರಿಗಾಲಲ್ಲಿ ಓಡುವ ಮಗುವಿನ ಪಾದಕ್ಕೆ ಚುಚ್ಚುತ್ತದೆ. ತುಂಡಾದ ನೈಲಾನ್ ದಾರ ನೀರುಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ಮುಂಜಾನೆ ನೀರಿನ ಮೇಲ್ಮೈಗೆ ತಗುಲಿದ ಗಾಳಿ ತಂಪಾಗಿದ್ದು ಅದರ ಮೇಲಿನ ಪದರ ಬೆಚ್ಚಗಿರುವುದರಿಂದ ಶಬ್ದ ಮೇಲಕ್ಕೆ ಚದುರದೆ ಬಾಗಿ ನೀರಿನತ್ತಲೇ ಮರಳುತ್ತದೆ. ಹೀಗಾಗಿ ದೋಣಿಯಲ್ಲಿ ಆಡಿದ ಸಾಧಾರಣ ಮಾತು ದಡದ ಮಲಗುವ ಕೋಣೆಯವರೆಗೆ ಬಿಡಿಬಿಡಿಯಾಗಿ ಕೇಳಿಸುತ್ತದೆ. ಇದಕ್ಕೆ ಪ್ರತಿಯಾಗಿ ದಡದಿಂದ ಬೈಗುಳ ಬರುತ್ತದೆ, ಹುಲ್ಲಿಗೆ ನೀರು ಚಿಮ್ಮಿಸುವ ಕೊಳವೆಯನ್ನು ದೋಣಿಯತ್ತ ತಿರುಗಿಸಲಾಗುತ್ತದೆ, ಮೀನು ಬೆದರಲೆಂದು ಕಲ್ಲೆಸೆಯಲಾಗುತ್ತದೆ. ಈ ಕೊನೆಯ ಬಗೆಯ ವರ್ತನೆ ಕಾನೂನಿಗೆ ವಿರುದ್ಧ. ಕಾನೂನುಬದ್ಧವಾಗಿ ಬೇಟೆಯಾಡುವವರಿಗೆ, ಮೀನು ಹಿಡಿಯುವವರಿಗೆ ಉದ್ದೇಶಪೂರ್ವಕವಾಗಿ ಅಡ್ಡಿಪಡಿಸುವುದನ್ನು ವಿಸ್ಕಾನ್ಸಿನ್ ಶಾಸನ ನಿಷೇಧಿಸುತ್ತದೆ.

ಇಲ್ಲಿಯವರೆಗೆ ಹೇಳಿದ್ದನ್ನು ಒಮ್ಮೆ ನೆನೆಯಬೇಕು. ಜಗಳದ ಸ್ಥಳ ದಕ್ಕೆಯ ಸುತ್ತಲಿನ ನೀರು. ಮೀನು ಅಲ್ಲಿರುವುದಕ್ಕೆ ಕಾರಣವಿದೆ, ಮನೆಯವರ ಸಿಟ್ಟಿಗೂ ಕಾರಣವಿದೆ. ಇನ್ನು ಆ ನೀರು ಯಾರದೆಂದು ಕಾನೂನು ಹೇಳುತ್ತದೆ ಎಂಬುದನ್ನು ನೋಡಬೇಕು.

ಅದರ ಮೂಲ ವಿಸ್ಕಾನ್ಸಿನ್ ಎಂಬ ರಾಜ್ಯವೇ ಇಲ್ಲದ ಕಾಲದ್ದು. 1787ರಲ್ಲಿ ಅಮೆರಿಕದ ಕಾಂಗ್ರೆಸ್ಸು ವಾಯವ್ಯ ಪ್ರದೇಶದ ಆಡಳಿತಕ್ಕಾಗಿ ಹೊರಡಿಸಿದ ಶಾಸನವು, ಮಿಸಿಸಿಪ್ಪಿ ಮತ್ತು ಸೇಂಟ್ ಲಾರೆನ್ಸ್ ನದಿಗಳಿಗೆ ಸೇರುವ ಸಂಚಾರಯೋಗ್ಯ ಜಲಮಾರ್ಗಗಳೆಲ್ಲ ಸರ್ವರಿಗೂ ಸಮಾನವಾದ ಹೆದ್ದಾರಿಗಳೆಂದೂ ಅವುಗಳ ಮೇಲೆ ಯಾವ ಸುಂಕವನ್ನೂ ಹೇರಬಾರದೆಂದೂ ವಿಧಿಸಿತು. 1848ರಲ್ಲಿ ವಿಸ್ಕಾನ್ಸಿನ್ ರಾಜ್ಯವಾದಾಗ ಅದೇ ವಿಧಿಯನ್ನು ತನ್ನ ಸಂವಿಧಾನದ ಒಂಬತ್ತನೆಯ ಅನುಚ್ಛೇದದಲ್ಲಿ ಸೇರಿಸಿಕೊಂಡಿತು. ಇದರ ಮೇಲೆ ಕಟ್ಟಿದ್ದೇ ಸಾರ್ವಜನಿಕ ನ್ಯಾಸ ತತ್ತ್ವ. ರಾಜ್ಯವು ಇಂಥ ನೀರಿನ ಒಡೆಯನಲ್ಲ, ಜನರ ಪರವಾಗಿ ಅದನ್ನು ಕಾಯುವ ನ್ಯಾಸಧಾರಿ ಮಾತ್ರ, ಆದ್ದರಿಂದ ಅದನ್ನು ಮಾರುವ, ಬಿಟ್ಟುಕೊಡುವ ಅಧಿಕಾರ ಶಾಸಕಾಂಗಕ್ಕೂ ಇಲ್ಲ ಎಂಬುದು ಅದರ ತಿರುಳು.

ಸಂಚಾರಯೋಗ್ಯವೆಂದರೆ ಎಷ್ಟು ನೀರು ಎಂಬುದು ಮುಂದಿನ ಪ್ರಶ್ನೆಯಾಯಿತು. ಮರ ಕಡಿಯುವ ಕಾಲದಲ್ಲಿ ನ್ಯಾಯಾಲಯವು ಮರದ ದಿಮ್ಮಿ ತೇಲಿಸಬಲ್ಲ ಹೊಳೆಯೆಲ್ಲ ಸಂಚಾರಯೋಗ್ಯವೆಂದು 1877ರಲ್ಲಿ ಹೇಳಿತು. ಆಗ ಅದರ ಉದ್ದೇಶ ವ್ಯಾಪಾರ. ಆದರೆ 1898ರ ಒಂದು ತೀರ್ಪು ಗಾಳದವರ ಮಟ್ಟಿಗೆ ದಿಕ್ಕನ್ನೇ ಬದಲಿಸಿತು. ವಿಲ್ಲೋ ನದಿಯ ಎರಡೂ ದಡಗಳನ್ನು ಕೊಂಡಿದ್ದ ಖಾಸಗಿ ಕ್ಲಬ್ಬೊಂದು, ತನ್ನ ನೆಲ ತುಳಿಯದೆ ದೋಣಿಯಲ್ಲಿ ಬಂದು ಮೀನು ಹಿಡಿದವನ ಮೇಲೆ ಅತಿಕ್ರಮಣದ ದಾವೆ ಹೂಡಿತ್ತು. ನದಿಯ ತಳ ಕ್ಲಬ್ಬಿನದೇ ಆಗಿದ್ದರೂ ಮೇಲಿನ ನೀರು ಸಂಚಾರಯೋಗ್ಯವಾಗಿರುವವರೆಗೆ ಅಲ್ಲಿ ಮೀನು ಹಿಡಿಯುವುದು ಸಾರ್ವಜನಿಕರ ಹಕ್ಕು ಎಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. 1914ರಲ್ಲಿ ರಾಕ್ ನದಿಯ ಬಾತುಕೋಳಿ ಬೇಟೆಯ ಪ್ರಕರಣದಲ್ಲಿ ಇದೇ ತತ್ತ್ವ ಮತ್ತಷ್ಟು ಗಟ್ಟಿಯಾಯಿತು. 1952ರಲ್ಲಿ ನೇಮ್‌ಕಾಗನ್ ನದಿಗೆ ಜಲವಿದ್ಯುತ್ ಕಟ್ಟೆ ಕಟ್ಟುವ ಪ್ರಸ್ತಾಪದಿಂದ ಹುಟ್ಟಿದ ಪ್ರಕರಣದಲ್ಲಿ ನ್ಯಾಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ವಿನೋದಕ್ಕಾಗಿ ನಡೆಸುವ ಅತಿ ಹಗುರವಾದ ದೋಣಿ ತೇಲಿದರೂ ಆ ನೀರು ಸಂಚಾರಯೋಗ್ಯ, ಮತ್ತು ನದಿಯ ಚೆಲುವನ್ನು ಅನುಭವಿಸುವುದೂ ಜನರ ಹಕ್ಕಿನೊಳಗೆ ಸೇರಿದ್ದು. ಆ ನದಿ 1968ರಲ್ಲಿ ರಾಷ್ಟ್ರಮಟ್ಟದ ರಕ್ಷಿತ ನದಿಗಳ ಮೊದಲ ಪಟ್ಟಿಗೆ ಸೇರಿತು. ದಿಮ್ಮಿ ತೇಲಿಸುವ ವ್ಯಾಪಾರಿಯ ಅನುಕೂಲಕ್ಕೆ ಹುಟ್ಟಿದ ನಿಯಮವೊಂದು ಮುಕ್ಕಾಲು ಶತಮಾನದೊಳಗೆ ಕೈದೋಣಿಯಲ್ಲಿ ಕುಳಿತ ಸಾಮಾನ್ಯನ ಸಂತೋಷದ ರಕ್ಷಣೆಯಾಗಿ ಬೆಳೆದದ್ದು ಕಾನೂನಿನ ಚರಿತ್ರೆಯಲ್ಲಿ ಮೆಚ್ಚತಕ್ಕ ಬೆಳವಣಿಗೆ.

ನೀರು ಎಲ್ಲರದು ಎಂಬುದು ಹೀಗೆ ಸ್ಥಿರವಾಯಿತು. ಸಹಜ ಸರೋವರಗಳಲ್ಲಿ ನೀರಿನ ತಳವೂ ರಾಜ್ಯದ ವಶದ್ದೇ. ಆದರೆ ಈ ಹಕ್ಕಿಗೆ ಅಂಚುಗಳಿವೆ, ಮತ್ತು ಜಗಳಗಳೆಲ್ಲ ಅಂಚುಗಳಲ್ಲೇ ಹುಟ್ಟುತ್ತವೆ.

ಮೊದಲ ಅಂಚು ದಡದ ಗೆರೆ. ವರ್ಷಗಳ ಕಾಲ ನೀರು ಬಂದು ನಿಂತು, ಮಣ್ಣು ಸವೆಸಿ, ನೆಲದ ಗಿಡಗಳನ್ನು ಅಳಿಸಿ ಸ್ಪಷ್ಟವಾದ ಗುರುತು ಉಳಿಸಿದ ಎತ್ತರವನ್ನು ವಾಡಿಕೆಯ ಮೇಲ್ಮಟ್ಟದ ಗೆರೆ ಎಂದು ಕಾನೂನು ಗುರುತಿಸುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಈ ಗೆರೆಗೂ ನೀರಿನ ಅಂಚಿಗೂ ನಡುವೆ ಒಂದು ಒಣಪಟ್ಟಿ ಹೊರಬೀಳುತ್ತದೆ. ರಾಜ್ಯದ ಅತಿ ದೊಡ್ಡ ಒಳನಾಡು ಸರೋವರವಾದ ವಿನ್ನೆಬೇಗೊ ದಡದ ಇಂಥ ಪಟ್ಟಿಯ ಮೇಲೆ ಸಾರ್ವಜನಿಕರು ನಡೆಯಬಹುದೇ ಎಂಬ ಪ್ರಶ್ನೆ 1923ರಲ್ಲಿ ಬಂದಾಗ, ಅದನ್ನು ಬಳಸುವ ಹಕ್ಕು ದಡದ ಒಡೆಯನಿಗೆ ಮಾತ್ರ ಎಂದು ನ್ಯಾಯಾಲಯ ಹೇಳಿತು. ಆದ್ದರಿಂದ ಇಂದಿಗೂ ಅಲ್ಲಿನ ಗಾಳದವರು ಪಾಲಿಸಬೇಕಾದ ನಿಯಮ ಒಂದೇ: ಕಾಲು ನೀರಿನಲ್ಲಿರಬೇಕು. ಪಾದ ನೆನೆದಿರುವವರೆಗೆ ಆತ ತನ್ನ ಹಕ್ಕಿನೊಳಗಿದ್ದಾನೆ, ಒಣ ಮರಳಿಗೆ ಕಾಲಿಟ್ಟ ಕ್ಷಣ ಅತಿಕ್ರಮಣಕಾರನಾಗುತ್ತಾನೆ. ನೆರೆಯ ಮಿಷಿಗನ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ 2005ರಲ್ಲಿ ಇದಕ್ಕೆ ವ್ಯತಿರಿಕ್ತವಾಗಿ, ಮಹಾಸರೋವರಗಳ ದಡದ ಒಣಪಟ್ಟಿಯಲ್ಲಿ ಜನ ನಡೆಯಬಹುದೆಂದು ತೀರ್ಪಿತ್ತಿತು. ಎರಡನ್ನೂ ಹೋಲಿಸಿದರೆ ಮಿಷಿಗನ್ ತೀರ್ಪು ಹೆಚ್ಚು ನ್ಯಾಯವಾದುದೆಂದು ತೋರುತ್ತದೆ, ಏಕೆಂದರೆ ನೀರು ಇಳಿದ ಮಾತ್ರಕ್ಕೆ ಜನರ ಹಕ್ಕೂ ಇಳಿಯಬೇಕೆಂಬುದಕ್ಕೆ ಬಲವಾದ ಕಾರಣ ಕಾಣುವುದಿಲ್ಲ.

ಎರಡನೆಯ ಅಂಚು ದಕ್ಕೆ. ರಾಜ್ಯದ ತಳದ ಮೇಲೆ ಖಾಸಗಿ ದಕ್ಕೆ ನಿಲ್ಲುವುದು ದಡದ ಒಡೆತನದಿಂದ ಬರುವ ಒಂದು ಸೀಮಿತ ಅನುಕೂಲವೇ ಹೊರತು ತಳದ ಮೇಲಿನ ಸ್ವಾಮ್ಯವಲ್ಲ. ಪ್ರತ್ಯೇಕ ಅನುಮತಿ ಇಲ್ಲದೆ ಹಾಕುವ ದಕ್ಕೆ ಸಾಮಾನ್ಯವಾಗಿ 6 ಅಡಿಗಿಂತ ಅಗಲವಿರಬಾರದು, 3 ಅಡಿ ಆಳದ ನೀರು ಸಿಗುವ ತನಕ ಅಥವಾ ದೋಣಿಗೆ ಬೇಕಾದ ಆಳದ ತನಕ ಮಾತ್ರ ಚಾಚಬೇಕು, ಮೊದಲ 50 ಅಡಿ ದಡಕ್ಕೆ ಎರಡು ದೋಣಿ ಮತ್ತು ಆಮೇಲಿನ ಪ್ರತಿ 50 ಅಡಿಗೆ ಒಂದು ದೋಣಿಗಿಂತ ಹೆಚ್ಚಿಗೆ ಜಾಗ ಕೊಡಬಾರದು. ಇದರ ಅರ್ಥ ಎರಡು ಕಡೆಗೂ ಕಟುವಾದದ್ದು. ಗಾಳದವನು ಹಲಗೆಯ ಮೇಲೆ ಕಾಲಿಡುವಂತಿಲ್ಲ, ಅದಕ್ಕೆ ತನ್ನ ದೋಣಿ ಕಟ್ಟುವಂತಿಲ್ಲ. ಮನೆಯವನು ಹಲಗೆಯ ಸುತ್ತಲಿನ ನೀರಿನಿಂದ ಗಾಳದವನನ್ನು ಓಡಿಸುವಂತಿಲ್ಲ.

ಮೂರನೆಯದು ಮಾನವನಿರ್ಮಿತ ಜಲಾಶಯಗಳದು. ಅಲ್ಲಿ ಮುಳುಗಿದ ನೆಲದ ಒಡೆತನ ಹಳೆಯ ಒಡೆಯರಲ್ಲೇ ಉಳಿದಿರಬಹುದು. ಪ್ರೈಸ್ ಕೌಂಟಿಯ ಒಂದು ಜಲಾಶಯದ ದಡದಲ್ಲಿ ಮನೆ ಇದ್ದವರು ದಕ್ಕೆ ಹಾಕಿದಾಗ, ತಳದ ಒಡೆಯರು ಅದನ್ನು ಆಕ್ಷೇಪಿಸಿದರು. 2018ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಸಾರ್ವಜನಿಕ ನ್ಯಾಸವು ನೀರನ್ನು ಬಳಸುವ ಹಕ್ಕು ಕೊಡುತ್ತದೆಯೇ ಹೊರತು ಪರರ ತಳದ ಮೇಲೆ ದಕ್ಕೆ ನಿಲ್ಲಿಸುವ ಹಕ್ಕನ್ನಲ್ಲ ಎಂದಿತು. ಮನೆಯವರಿಗೂ ಗಾಳದವರಂತೆ ನೀರಿನ ಮೇಲೆ ತೇಲುವ ಹಕ್ಕಷ್ಟೇ ಉಳಿಯಿತು.

ಕೇಳುಗರು ಇದುವರೆಗಿನ ಎರಡು ಮಾತುಗಳನ್ನು ಜೊತೆಗಿಟ್ಟುಕೊಳ್ಳಬೇಕು. ನೀರು ಸಾರ್ವಜನಿಕ. ದಡ ಖಾಸಗಿ. ಹಾಗಾದರೆ ದಡವಿಲ್ಲದವನು ನೀರನ್ನು ಸೇರುವುದು ಹೇಗೆ? ವ್ಯಾಜ್ಯದ ಜೀವಾಳ ಇಲ್ಲಿದೆ. ದಕ್ಕೆಯ ಬಳಿಯ ಬೈಗುಳ ಅದರ ಹೊರಗಿನ ಸದ್ದು ಮಾತ್ರ; ಒಂದು ಸರೋವರದ ಸುತ್ತ ಎಲ್ಲ ನೆಲವೂ ಮಾರಾಟವಾಗಿ ಹೋಗಿ ಸಾರ್ವಜನಿಕರಿಗೆ ಇಳಿಯುವ ದಾರಿ ಇಲ್ಲದಿದ್ದರೆ, ಸಂವಿಧಾನ ಕೊಟ್ಟ ಹಕ್ಕು ಕಾಗದದಲ್ಲಿದ್ದೂ ಇಲ್ಲದಂತಾಗುತ್ತದೆ, ಮತ್ತು ಎಲ್ಲರ ನೀರು ಸುತ್ತಲಿನ ಕೆಲವು ಮನೆಗಳ ಖಾಸಗಿ ಕೊಳವಾಗುತ್ತದೆ.

ವಿಸ್ಕಾನ್ಸಿನ್ ಶಾಸನ ಇದನ್ನು ಮೊದಲೇ ಕಂಡು ಕೆಲವು ಏರ್ಪಾಡು ಮಾಡಿದೆ. ಸಂಚಾರಯೋಗ್ಯ ನೀರಿನ ದಡದಲ್ಲಿ ನೆಲವನ್ನು ನಿವೇಶನಗಳಾಗಿ ವಿಂಗಡಿಸುವವರು, ಸಾಮಾನ್ಯವಾಗಿ ಅರ್ಧ ಮೈಲಿಗೆ ಮೀರದ ಅಂತರದಲ್ಲಿ, ಕನಿಷ್ಠ 60 ಅಡಿ ಅಗಲದ ದಾರಿಯನ್ನು ನೀರಿನವರೆಗೆ ಸಾರ್ವಜನಿಕರಿಗೆ ಬಿಟ್ಟುಕೊಡಬೇಕು. ಅರ್ಧ ಮೈಲಿ ಎಂದರೆ ಸುಮಾರು 800 ಮೀಟರು. ಇದಲ್ಲದೆ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ನಿಯಮದ ಪ್ರಕಾರ, ಸಾಕಷ್ಟು ಸಾರ್ವಜನಿಕ ಪ್ರವೇಶವಿಲ್ಲದ ಸರೋವರಕ್ಕೆ ಮೀನುಮರಿ ಬಿಡುವುದೇ ಮೊದಲಾದ ಸುಧಾರಣಾ ಸೇವೆಗಳು ದೊರೆಯುವುದಿಲ್ಲ. ಎಲ್ಲರ ಹಣದಿಂದ ಮರಿ ಬಿಟ್ಟು ಕೆಲವರು ಹಿಡಿಯುವಂತಾಗಬಾರದೆಂಬ ನ್ಯಾಯ ಇದರ ಹಿಂದಿದೆ.

ಆ ಹಣದ ಮೂಲವನ್ನೂ ಹೇಳಬೇಕು. 1950ರ ಒಕ್ಕೂಟ ಕಾನೂನೊಂದರಂತೆ ಗಾಳ, ದಾರ, ಕೋಲು ಮೊದಲಾದ ಮೀನು ಹಿಡಿಯುವ ಸಲಕರಣೆಗಳ ಮೇಲೆ ತಯಾರಕರಿಂದ ಸಾಮಾನ್ಯವಾಗಿ ಶೇಕಡಾ 10ರಷ್ಟು ತೆರಿಗೆ ಸಂಗ್ರಹವಾಗುತ್ತದೆ. 1984ರ ತಿದ್ದುಪಡಿಯಿಂದ ದೋಣಿಯ ಇಂಧನದ ತೆರಿಗೆಯೂ ಅದಕ್ಕೆ ಕೂಡಿತು. ಈ ನಿಧಿ ರಾಜ್ಯಗಳಿಗೆ ಹಂಚಿಕೆಯಾಗುತ್ತದೆ, ಮತ್ತು ಅದರಲ್ಲಿ ಈಗ ಸುಮಾರು ಶೇಕಡಾ 15ರಷ್ಟು ದೋಣಿ ಇಳಿಸುವ ಕಟ್ಟೆಗಳಂತಹ ಪ್ರವೇಶದ ಅನುಕೂಲಗಳಿಗೆ ಮೀಸಲು. ಹೀಗಾಗಿ ಗಾಳದವನು ಬಿಟ್ಟಿಯಾಗಿ ಬರುವ ಅತಿಥಿ ಎಂಬ ದಡದವರ ಮಾತಿಗೆ ಆಧಾರವಿಲ್ಲ. ದಡದವರು ದುಬಾರಿ ನಿವೇಶನಕ್ಕೆ ದೊಡ್ಡ ಆಸ್ತಿತೆರಿಗೆ ಕಟ್ಟುತ್ತಾರೆ ಎಂಬುದು ನಿಜ, ಆದರೆ ಆ ತೆರಿಗೆ ನೆಲದ ಬೆಲೆಗೆ ಸಂಬಂಧಿಸಿದ್ದು. ನೀರಿನ ಬೆಲೆಯನ್ನು ಯಾರೂ ಕಟ್ಟಿಲ್ಲ.

ಹೊಸ ಇಳಿಕಟ್ಟೆಯ ಪ್ರಸ್ತಾಪ ಬಂದಾಗಲೆಲ್ಲ ದಡದವರ ಸಂಘಗಳು ಎತ್ತುವ ಆಕ್ಷೇಪಗಳಲ್ಲಿ ಒಂದು ಗಂಭೀರವಾದದ್ದು. ಯುರೇಷಿಯನ್ ವಾಟರ್‌ಮಿಲ್‌ಫಾಯಿಲ್ ಎಂಬ ಹೊರಗಿನ ಜಲಕಳೆಯೂ ಜೀಬ್ರಾ ಮಸಲ್ ಎಂಬ ಪಟ್ಟೆಯುಳ್ಳ ಸಣ್ಣ ಚಿಪ್ಪುಜೀವಿಯೂ ದೋಣಿ ಮತ್ತು ಅದನ್ನು ಎಳೆತರುವ ಗಾಡಿಗೆ ಅಂಟಿಕೊಂಡು ಸರೋವರದಿಂದ ಸರೋವರಕ್ಕೆ ಹರಡುತ್ತವೆ. ಒಮ್ಮೆ ನೆಲೆನಿಂತರೆ ಅವನ್ನು ಸಂಪೂರ್ಣವಾಗಿ ತೆಗೆಯುವುದು ಬಹುಮಟ್ಟಿಗೆ ಅಸಾಧ್ಯ, ಕಳೆ ನಿಯಂತ್ರಣದ ವೆಚ್ಚವೂ ಹೆಚ್ಚಾಗಿ ದಡದವರ ಹೆಗಲಿಗೇ ಬೀಳುತ್ತದೆ. ಇದಕ್ಕೆ ಪರಿಹಾರ ದಾರಿ ಮುಚ್ಚುವುದಲ್ಲ, ದಾರಿಯಲ್ಲಿ ತಪಾಸಣೆ ಮಾಡುವುದು. ವಿಸ್ಕಾನ್ಸಿನ್‌ನಲ್ಲಿ ಸ್ವಯಂಸೇವಕರು ಇಳಿಕಟ್ಟೆಗಳಲ್ಲಿ ನಿಂತು ದೋಣಿಗಳನ್ನು ಪರೀಕ್ಷಿಸಿ, ಕಳೆ ತೆಗೆಸಿ, ನೀರು ಬಸಿದುಹಾಕಲು ತಿಳಿಹೇಳುವ ಕಾರ್ಯಕ್ರಮ ಅನೇಕ ವರ್ಷಗಳಿಂದ ನಡೆಯುತ್ತಿದೆ, ಮತ್ತು ಅದರಲ್ಲಿ ನಿಲ್ಲುವವರಲ್ಲಿ ದಡದ ಮನೆಯವರೇ ಅನೇಕರು. ಕಳೆಯ ಭಯ ನಿಜವಾಗಿದ್ದವನು ಕಟ್ಟೆಯಲ್ಲಿ ನಿಂತು ದೋಣಿ ನೋಡುತ್ತಾನೆ. ಅದನ್ನು ನೆಪ ಮಾಡಿಕೊಂಡವನು ಕಟ್ಟೆಯೇ ಬೇಡವೆನ್ನುತ್ತಾನೆ.

ಇಳಿಕಟ್ಟೆಯ ಮಹತ್ತ್ವವನ್ನು ಇನ್ನೂ ಆಳವಾಗಿ ತೋರಿಸಿದ ಘಟನೆಗಳು ಆ ರಾಜ್ಯದ ಇತಿಹಾಸದಲ್ಲಿವೆ. ಅಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನ 1837 ಮತ್ತು 1842ರ ಒಪ್ಪಂದಗಳಲ್ಲಿ ನೆಲವನ್ನು ಬಿಟ್ಟುಕೊಟ್ಟಾಗ, ಆ ನೆಲದಲ್ಲಿ ಬೇಟೆಯಾಡುವ, ಮೀನು ಹಿಡಿಯುವ ಹಕ್ಕನ್ನು ಉಳಿಸಿಕೊಂಡಿದ್ದರು. 1983ರಲ್ಲಿ ಒಕ್ಕೂಟದ ಮೇಲ್ಮನವಿ ನ್ಯಾಯಾಲಯ ಆ ಹಕ್ಕು ಇಂದಿಗೂ ಜೀವಂತವೆಂದು ಎತ್ತಿಹಿಡಿಯಿತು. ಅವರು ವಸಂತಕಾಲದ ರಾತ್ರಿಗಳಲ್ಲಿ ದೀಪದ ಬೆಳಕಿನಲ್ಲಿ ಈಟಿಯಿಂದ ವಾಲೈ ಮೀನು ಹಿಡಿಯಲು ಸಾರ್ವಜನಿಕ ಇಳಿಕಟ್ಟೆಗಳಿಗೆ ಬಂದಾಗ, ನೂರಾರು ಜನ ಸೇರಿ ಜನಾಂಗೀಯ ನಿಂದನೆ ಕೂಗಿದರು, ಕಲ್ಲೆಸೆದರು. ಆ ಗುಂಪುಗಳಲ್ಲಿ ವಿನೋದಕ್ಕೆ ಗಾಳ ಹಾಕುವವರೂ ವಿಹಾರಧಾಮಗಳ ಮಾಲೀಕರೂ ದಡದ ನಿವಾಸಿಗಳೂ ಒಟ್ಟಾಗಿಯೇ ಇದ್ದರು. ಮೀನಿನ ಸಂತತಿಗೆ ಧಕ್ಕೆಯಾಗಿಲ್ಲವೆಂದು 1991ರ ಸಂಯುಕ್ತ ಅಧ್ಯಯನ ವರದಿ ಹೇಳಿತು, ಅದೇ ವರ್ಷ ನ್ಯಾಯಾಲಯದ ತಡೆಯಾಜ್ಞೆಯಿಂದ ಕಿರುಕುಳ ಬಹುಮಟ್ಟಿಗೆ ನಿಂತಿತು. ನೀರು ಎಲ್ಲರದು ಎಂದು ದಡದವರ ಎದುರು ವಾದಿಸುವ ಗಾಳದವರು, ಆ ಎಲ್ಲರಲ್ಲಿ ಮೊದಲಿಗರನ್ನು ಒಪ್ಪಲು ಸಿದ್ಧರಿರಲಿಲ್ಲ ಎಂಬುದನ್ನು ಅವರ ಪಕ್ಷ ವಹಿಸಿ ಮಾತನಾಡುವವರು ಮುಚ್ಚಿಡಬಾರದು.

2023ರಲ್ಲಿ ಅದೇ ಪ್ರದೇಶದಲ್ಲಿ ಪರಿಸ್ಥಿತಿ ಇನ್ನೊಂದು ಬಗೆಯಲ್ಲಿ ತಿರುಗಿತು. ಲಾಕ್ ದು ಫ್ಲಾಂಬೊ ಎಂಬ ಒಜಿಬ್ವೆ ಮೀಸಲು ಪ್ರದೇಶದ ಸರೋವರಗಳ ದಡದಲ್ಲಿ ಮೂಲನಿವಾಸಿಗಳಲ್ಲದವರ ಮನೆಗಳೂ ಇವೆ. ಆ ಮನೆಗಳಿಗೆ ಹೋಗುವ ನಾಲ್ಕು ರಸ್ತೆಗಳು ಬುಡಕಟ್ಟಿನ ನೆಲವನ್ನು ದಾಟುತ್ತವೆ, ಮತ್ತು ಆ ದಾಟುಹಕ್ಕಿನ ಅವಧಿ ಮುಗಿದು ವರ್ಷಗಳಾಗಿದ್ದವು. ಮಾತುಕತೆ ಫಲಿಸದಿದ್ದಾಗ ಬುಡಕಟ್ಟಿನ ಆಡಳಿತ ಜನವರಿ ಕೊನೆಯಲ್ಲಿ ರಸ್ತೆಗಳಿಗೆ ಅಡ್ಡಗಟ್ಟೆ ಹಾಕಿತು. ಮಾರ್ಚ್‌ನಲ್ಲಿ ಪಟ್ಟಣದ ಆಡಳಿತ ಹಣ ಪಾವತಿ ಮಾಡಿದ ಮೇಲೆ ತಾತ್ಕಾಲಿಕವಾಗಿ ತೆರೆಯಿತು. ಮನೆ ತಮ್ಮದು, ದಡ ತಮ್ಮದು, ಆದರೆ ತಲುಪುವ ದಾರಿ ತಮ್ಮದಲ್ಲ ಎಂಬ ಸಂಕಟ ಏನೆಂಬುದು ಆ ಚಳಿಗಾಲದಲ್ಲಿ ದಡದ ಮನೆಯವರಿಗೇ ಅನುಭವಕ್ಕೆ ಬಂದಿತು. ದಡವಿಲ್ಲದ ಗಾಳದವನ ನಿತ್ಯದ ಸ್ಥಿತಿ ಇದಕ್ಕಿಂತ ಬಹಳ ಬೇರೆಯದಲ್ಲ.

ಈ ವಿಷಯಕ್ಕೂ ಭಾರತಕ್ಕೂ ಒಂದು ನೇರವಾದ ಸಂಬಂಧವಿದೆ. ಮಿಷಿಗನ್ ಸರೋವರದ ಸುಮಾರು 1,000 ಎಕರೆ ತಳವನ್ನು ರೈಲು ಕಂಪನಿಯೊಂದಕ್ಕೆ ಕೊಟ್ಟಿದ್ದ ಇಲಿನಾಯ್ ರಾಜ್ಯ ಅದನ್ನು ಹಿಂತೆಗೆದುಕೊಂಡದ್ದು ಸರಿಯೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1892ರಲ್ಲಿ ಹೇಳಿತ್ತು. ನ್ಯಾಯಶಾಸ್ತ್ರಜ್ಞ ಜೋಸೆಫ್ ಸ್ಯಾಕ್ಸ್ ಅವರು 1970ರಲ್ಲಿ ಬರೆದ ಪ್ರಬಂಧ ಆ ತೀರ್ಪನ್ನೂ ವಿಸ್ಕಾನ್ಸಿನ್ ತೀರ್ಪುಗಳನ್ನೂ ಆಧರಿಸಿ ಸಾರ್ವಜನಿಕ ನ್ಯಾಸ ತತ್ತ್ವಕ್ಕೆ ಹೊಸ ಜೀವ ಕೊಟ್ಟಿತು. ಹಿಮಾಚಲ ಪ್ರದೇಶದಲ್ಲಿ ಬಿಯಾಸ್ ನದಿಯ ದಡದ ಹೋಟೆಲೊಂದು ನದಿಯ ದಿಕ್ಕನ್ನೇ ತಿರುಗಿಸಲು ಹೊರಟ ಪ್ರಕರಣದಲ್ಲಿ, ಎಂ. ಸಿ. ಮೆಹ್ತಾ ವಿರುದ್ಧ ಕಮಲ್‌ನಾಥ್ ಎಂದು ಹೆಸರಾದ 1996ರ ಡಿಸೆಂಬರಿನ ತೀರ್ಪಿನಲ್ಲಿ, ಭಾರತದ ಸರ್ವೋಚ್ಚ ನ್ಯಾಯಾಲಯ ಇಲಿನಾಯ್ ತೀರ್ಪನ್ನೂ ಸ್ಯಾಕ್ಸ್ ಅವರ ಪ್ರಬಂಧವನ್ನೂ ಚರ್ಚಿಸಿ ಈ ತತ್ತ್ವ ಇಲ್ಲಿನ ಕಾನೂನಿನ ಭಾಗವೆಂದು ಘೋಷಿಸಿತು. 2006ರಲ್ಲಿ ತಿರುಪತಿಯ ಅವಿಲಾಲ ಮತ್ತು ಪೇರೂರು ಕೆರೆಗಳ ನೆಲವನ್ನು ವಸತಿಗೆ ಕೊಟ್ಟ ಪ್ರಕರಣದಲ್ಲಿ ಅದನ್ನು ಕೆರೆಗಳಿಗೂ ಅನ್ವಯಿಸಿತು.

ಕರ್ನಾಟಕದ ಕೆರೆಗಳಲ್ಲಿ ವಿನೋದಕ್ಕೆ ಗಾಳ ಹಾಕುವವರು ವಿರಳ. ಮೀನು ಹಿಡಿಯುವ ಹಕ್ಕು ಬಹುಪಾಲು ಗುತ್ತಿಗೆಯಲ್ಲಿ ಸಹಕಾರ ಸಂಘಗಳಿಗೋ ಗುತ್ತಿಗೆದಾರರಿಗೋ ಹೋಗುತ್ತದೆ. ಆದರೆ ಬೆಂಗಳೂರಿನ ಅನೇಕ ಕೆರೆಗಳಿಗೆ ಸುತ್ತ ಬೇಲಿ ಹಾಕಿ, ನಡಿಗೆಯ ದಾರಿ ಮಾಡಿ, ಬಾಗಿಲಿಗೆ ವೇಳೆ ಗೊತ್ತುಪಡಿಸಿದ ಮೇಲೆ, ಬೆಳಗಿನ ವಾಯುವಿಹಾರದವರಿಗೆ ಅನುಕೂಲವಾಯಿತು, ದನಕ್ಕೆ ನೀರು ಕುಡಿಸುವವರಿಗೂ ಹುಲ್ಲು ಕೊಯ್ಯುವವರಿಗೂ ಬಟ್ಟೆ ಒಗೆಯುವವರಿಗೂ ದಾರಿ ಕಿರಿದಾಯಿತು. ಅತಿಕ್ರಮಣದಿಂದ ಕೆರೆಯನ್ನು ಉಳಿಸಲು ಬೇಲಿ ಬೇಕಾಗಬಹುದು, ಆದರೆ ಬೇಲಿಯ ಬಾಗಿಲು ಯಾರಿಗೆ ತೆರೆಯುತ್ತದೆ ಎಂಬುದು ವಿಸ್ಕಾನ್ಸಿನ್‌ನ ಇಳಿಕಟ್ಟೆಯ ಪ್ರಶ್ನೆಯೇ.

ಮತ್ತೆ ಆ ಸರೋವರಗಳಿಗೆ ಮರಳಬೇಕು. ಹಕ್ಕಿನ ಪ್ರಶ್ನೆ ಬಹುಮಟ್ಟಿಗೆ ತೀರ್ಮಾನವಾಗಿದೆ, ಪ್ರವೇಶದ ಪ್ರಶ್ನೆ ಉಳಿದಿದೆ ಎಂದು ಇದುವರೆಗೆ ಹೇಳಲಾಯಿತು. ಉಳಿದದ್ದು ಎರಡೂ ಪಕ್ಷಗಳು ಕೂಡಿ ಮಾಡಬಹುದಾದ ಕೆಲಸ. ರಾಜ್ಯ ಇಲಾಖೆಯ ನೆರವಿನಿಂದ ನಡೆಯುವ ಒಂದು ಯೋಜನೆಯಲ್ಲಿ ದಡದವರು ತಮ್ಮ ಅಂಚಿನ ನೀರಿಗೆ ಇಡೀ ಮರಗಳನ್ನು, ಕೊಂಬೆಗಳ ಸಮೇತ, ಕಟ್ಟುಗಳಾಗಿ ಹಾಕಿಸುತ್ತಾರೆ. ಸಾಮಾನ್ಯವಾಗಿ ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿದಾಗ ಮರಗಳನ್ನು ಮಂಜಿನ ಮೇಲೆ ಎಳೆದು ತಂದು, ಬುಡವನ್ನು ದಡಕ್ಕೆ ತಂತಿಯಿಂದ ಬಿಗಿಯುತ್ತಾರೆ. ಮಂಜು ಕರಗಿದಾಗ ಅವು ನೀರಿಗಿಳಿದು ನೆಲೆಯಾಗುತ್ತವೆ. ಹಿಂದಿನ ತಲೆಮಾರು ಎಳೆದು ಹಾಕಿದ್ದ ಮರೆಯನ್ನೇ ಈ ತಲೆಮಾರು ಮರಳಿ ಇಡುತ್ತಿದೆ. ದಡದ ಕೊರೆತ ಕಡಿಮೆಯಾಗುತ್ತದೆ, ಮೀನಿಗೆ ಆಶ್ರಯ ಸಿಗುತ್ತದೆ, ಗಾಳದವನಿಗೆ ದಕ್ಕೆಯನ್ನು ಬಿಟ್ಟು ಬೇರೆ ಗುರಿ ದೊರೆಯುತ್ತದೆ.

ಪ್ರವೇಶದ ವಿಚಾರದಲ್ಲಿಯೂ ಮಾಡತಕ್ಕದ್ದು ಸ್ಪಷ್ಟವಿದೆ. ನಕ್ಷೆಯಲ್ಲಿ ಸಾರ್ವಜನಿಕವೆಂದು ಬಿಟ್ಟ ಪಟ್ಟಿಗೆ ಫಲಕ ಇಲ್ಲದಿದ್ದರೆ, ಪೊದೆ ಬೆಳೆದರೆ, ಪಕ್ಕದ ಹುಲ್ಲುಹಾಸು ಅದರೊಳಗೆ ಹರಡಿದರೆ, ಅದು ಎಲ್ಲರದೆಂದು ಹೊರಗಿನಿಂದ ಬಂದವನಿಗೆ ತಿಳಿಯುವ ಬಗೆಯಿಲ್ಲ. ನೀರಿಗೆ ಹೋಗುವ ಇಂಥ ದಾರಿಯನ್ನು ರದ್ದುಪಡಿಸಲು ಪಟ್ಟಣ ಆಡಳಿತ ನಿರ್ಣಯ ಮಾಡಿದರೂ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಒಪ್ಪದೆ ಅದು ಜಾರಿಗೆ ಬರುವಂತಿಲ್ಲ ಎಂಬ ಕಾನೂನು ಈಗಾಗಲೇ ಇದೆ. ಆ ಕಾನೂನು ದಾರಿ ಅಳಿಯದಂತೆ ತಡೆಯಬಲ್ಲದು, ಅದನ್ನು ಕಾಣಿಸುವಂತೆ ಮಾಡಲಾರದು. ಪ್ರತಿ ಪಟ್ಟಣವೂ ತನ್ನ ಹಳೆಯ ನಿವೇಶನ ನಕ್ಷೆಗಳನ್ನು ತೆಗೆದು ನೋಡಿ, ಪ್ರತಿ ಪಟ್ಟಿಯ ಎರಡೂ ಎಲ್ಲೆಗೆ ಗೂಟ ನೆಟ್ಟು, ರಸ್ತೆಯ ಬದಿಗೆ ಫಲಕ ನಿಲ್ಲಿಸಿ, ನಾಲ್ಕೈದು ವಾಹನಗಳಿಗೆ ಜಾಗ ಮಾಡಿ, ರಾತ್ರಿ ಯಾವ ವೇಳೆಯ ತನಕ ತೆರೆದಿರುತ್ತದೆಂದು ಬರೆದು ಹಾಕುವುದು ದೊಡ್ಡ ಖರ್ಚಿನ ಕೆಲಸವಲ್ಲ. ಎಲ್ಲೆ ಗೊತ್ತಾದರೆ ಪಕ್ಕದ ಮನೆಯವನಿಗೆ ತನ್ನ ಅಂಗಳ ಎಲ್ಲಿ ಮುಗಿಯುತ್ತದೆಂಬುದು ತಿಳಿಯುತ್ತದೆ, ಕೋಲು ಹಿಡಿದು ಬಂದವನಿಗೆ ಎಲ್ಲಿ ಇಳಿಯಬೇಕೆಂಬುದು ತಿಳಿಯುತ್ತದೆ, ಮತ್ತು ಹತ್ತಾರು ದೋಣಿಗಳು ಒಂದೇ ಇಳಿಕಟ್ಟೆಯಿಂದ ಹೊರಟು ಅದರ ನೆರೆಯ ನಾಲ್ಕು ದಕ್ಕೆಗಳನ್ನೇ ಸುತ್ತುವುದು ತಪ್ಪಿ ಇಡೀ ಸರೋವರದ ಮೇಲೆ ಹಂಚಿಕೊಳ್ಳುತ್ತವೆ.